ಮದ್ದಿಲ್ಲದ ಬೇನೆಗೆ ಮದ್ದಾದವರು

ವೈದ್ಯನನ್ನು ನಾರಾಯಣನೆಂದು ಭಾವಿಸಿ ಕೈಮುಗಿಯುವುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ಆದರೆ ಪ್ರಾಚೀನ ವೈದ್ಯಶಾಸ್ತ್ರದ ಆಚಾರ್ಯರು ರೋಗ ವಾಸಿಯಾಗುವ ಪುಣ್ಯವನ್ನು ವೈದ್ಯನೊಬ್ಬನಿಗೇ ಬರೆದುಕೊಟ್ಟವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ ಹಾಗೂ ರೋಗಿ. ಪರಿಚಾರಕನ ಗುಣಗಳು ಇಂತಹವಾಗಿರಬೇಕೆಂದೂ ಅಲ್ಲಿ ವಿಧಿಸಿದೆ. ಅವನು ಉಪಚಾರದ ಕ್ರಮವನ್ನು ಬಲ್ಲವನಾಗಿರಬೇಕು, ಕೆಲಸದಲ್ಲಿ ದಕ್ಷನಾಗಿರಬೇಕು, ರೋಗಿಯಲ್ಲಿ ಅಕ್ಕರೆಯುಳ್ಳವನಾಗಿರಬೇಕು, ಶುಚಿಯಾಗಿರಬೇಕು. ಈ ಪುರಾತನ ಪಟ್ಟಿಯನ್ನು ಇಂದಿನ ಯಾವ ದಾದಿಯರ ಶಾಲೆಯ ಗೋಡೆಯ ಮೇಲೆ ಬರೆದರೂ ತಿದ್ದುವ ಪ್ರಮೇಯವಿಲ್ಲ.

ಮಂಚಕ್ಕೆ ನಾಲ್ಕು ಕಾಲು. ಒಂದು ಮುರಿದರೆ ಅದರ ಭಾರವೆಲ್ಲ ಉಳಿದ ಮೂರರ ಮೇಲೆ ಬೀಳುತ್ತದೆ. ಚಿಕಿತ್ಸೆಯ ಮಂಚದಲ್ಲಿ ಔಷಧವೆಂಬ ಕಾಲೇ ಇಲ್ಲದಿದ್ದರೆ ಏನಾಗಬಹುದು? ವೈದ್ಯನು ರೋಗವನ್ನು ಗುರುತಿಸಿ ಹೆಸರಿಡಬಲ್ಲನು. ಅದಕ್ಕೆ ಬರೆದುಕೊಡಲು ಅವನಲ್ಲಿ ಏನೂ ಇರುವುದಿಲ್ಲ. ರೋಗಿಗೆ ಸಹಿಸುವುದೊಂದೇ ದಾರಿ. ಆಗ ಹಗಲಿರುಳೂ ಭಾರವನ್ನು ಹೊರುವುದು ಪರಿಚಾರಕನ ಪಾಲಿಗೆ ಬರುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಆ ಪರಿಚಾರಕನು ಬಹುಮಟ್ಟಿಗೆ ಹೆಂಗಸು. ಅವಳನ್ನು ಜನ ದಾದಿ ಎಂದರು, ನರ್ಸು ಎಂದರು, ಸಿಸ್ಟರ್ ಎಂದರು. ಹೆಸರು ಹಿಡಿದು ಕರೆದವರು ಕಡಿಮೆ.

ದಕ್ಷಿಣ ಕನ್ನಡ ಜಿಲ್ಲೆ ಕಳೆದ ಒಂದೂಕಾಲು ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಹೀಗೆ ಮದ್ದಿಲ್ಲದ ಮೂರು ಬೇನೆಗಳನ್ನು ಕಂಡಿದೆ. ಒಂದು ಕುಷ್ಠ, ಇನ್ನೊಂದು ಪ್ಲೇಗು, ಮೂರನೆಯದು ಬೆಳ್ತಂಗಡಿಯ ಕಾಡಂಚಿನ ಹಳ್ಳಿಗಳನ್ನು ನಡುಗಿಸಿದ ಮಂಗನ ಕಾಯಿಲೆ. ಈ ಮೂರರ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದಾಖಲೆಗಳಲ್ಲಿ ರೋಗದ ಹೆಸರಿದೆ, ರೋಗಿಗಳ ಸಂಖ್ಯೆಯಿದೆ, ಸಂಸ್ಥೆಯ ಸ್ಥಾಪಕರ ಹೆಸರಿದೆ. ಮದ್ದಿಲ್ಲದ ಹೊತ್ತಿನಲ್ಲಿ ಮದ್ದಿನ ಸ್ಥಾನದಲ್ಲಿ ನಿಂತವಳ ಹೆಸರು ಮಾತ್ರ ಹುಡುಕಿದರೂ ಸಿಕ್ಕುವುದು ಕಷ್ಟ.

ಆಸ್ಪತ್ರೆಯ ದಾರಿ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಜನರಿಗೆ ದೊಡ್ಡಾಸ್ಪತ್ರೆ ಎಂದರೆ ಬಹುಕಾಲದವರೆಗೆ ಮಂಗಳೂರು. ಅಲ್ಲಿ 1848ರಲ್ಲಿ ಸ್ಥಾಪಿತವಾಗಿ, ಮುಂದೆ ಮದರಾಸಿನ ಗವರ್ನರೊಬ್ಬರ ಹೆಸರನ್ನು ಧರಿಸಿದ ವೆನ್‌ಲಾಕ್ ಆಸ್ಪತ್ರೆ ಒಂದು. ಕಂಕನಾಡಿಯಲ್ಲಿ ಜರ್ಮನ್ ಪಾದ್ರಿ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಬಡವರಿಗಾಗಿ ತೆರೆದ ಹೋಮಿಯೋಪತಿ ಔಷಧಾಲಯದಿಂದ ಬೆಳೆದ ಆಸ್ಪತ್ರೆ ಇನ್ನೊಂದು. ಮೂಡಬಿದಿರೆಯಿಂದ ಮಂಗಳೂರಿಗೆ ಸುಮಾರು 35 ಕಿಲೋಮೀಟರು, ಬಂಟ್ವಾಳದಿಂದ ಸುಮಾರು 25, ಘಟ್ಟದ ಬುಡದ ಬೆಳ್ತಂಗಡಿಯಿಂದ ಸುಮಾರು 60. ಇಂದು ಒಂದೆರಡು ಗಂಟೆಯ ಹಾದಿ ಇದು. ಆದರೆ ಮೋಟಾರು ಬಸ್ಸುಗಳು ಬರುವ ಮುಂಚೆ ಬಂಟ್ವಾಳದವರಿಗೆ ನೇತ್ರಾವತಿಯ ದೋಣಿಯೇ ವಾಹನ. ಒಳನಾಡಿನವರಿಗೆ ಎತ್ತಿನ ಗಾಡಿ. ಗಾಡಿಯೂ ಹೋಗದ ಕಡೆಗಳಿಂದ ರೋಗಿಯನ್ನು ಕಂಬಳಿಯ ಜೋಲಿಯಲ್ಲಿಯೋ ಕುರ್ಚಿಯಲ್ಲಿಯೋ ಹೊತ್ತು ತರಬೇಕಾಗಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಆ ದಾರಿಯೂ ಇಲ್ಲ.

ಇಷ್ಟು ಕಷ್ಟಪಟ್ಟು ಬಂದ ರೋಗಿಯ ಪಾಲಿಗೆ ಆಸ್ಪತ್ರೆ ಪರದೇಶವಿದ್ದಂತೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವವನಿಗೆ ವೈದ್ಯರ ಇಂಗ್ಲಿಷು ತಿಳಿಯದು. ಮಡಿ ಮೈಲಿಗೆಯ ಮನೆಯಿಂದ ಬಂದವನಿಗೆ ಹತ್ತು ಜಾತಿಯವರು ಸಾಲಾಗಿ ಮಲಗುವ ಕೋಣೆ ಹೊಸದು. ಅಲ್ಲಿ ಅವನ ನಾಡಿ ಹಿಡಿದು, ಮೈ ಒರೆಸಿ, ಮಲಮೂತ್ರದ ಪಾತ್ರೆಯನ್ನು ಎತ್ತಿದವಳು ದಾದಿ. ಈ ಕೆಲಸವನ್ನು ಹೊಲೆಯೆಂದು ಬಗೆದ ಕಾಲದಲ್ಲಿ ಮೇಲುಜಾತಿಯ ಮನೆಗಳಿಂದ ಹೆಣ್ಣುಮಕ್ಕಳು ಇತ್ತ ಸುಳಿಯಲಿಲ್ಲ. ಕ್ರೈಸ್ತ ಸಂನ್ಯಾಸಿನಿಯರು, ಅವರ ಹಿಂದೆ ಬಂದ ಬಡ ಕ್ರೈಸ್ತ ಮನೆಗಳ ಹುಡುಗಿಯರು, ಅನಂತರ ಕೇರಳದ ಕಡೆಯಿಂದ ಬಂದ ಯುವತಿಯರು ಈ ವೃತ್ತಿಯನ್ನು ಹೊತ್ತು ನಡೆಸಿದರು. ಉಳಿದ ಸಮಾಜವು ಅವರ ಸೇವೆಯನ್ನು ಸ್ವೀಕರಿಸಿತು. ಅವರ ವೃತ್ತಿಯನ್ನು ಗೌರವಿಸುವುದಕ್ಕೆ ಬಹಳ ಕಾಲ ಹಿಡಿಯಿತು.

ಅವರ ಸಂಖ್ಯೆಯಾದರೂ ಎಷ್ಟು? ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿ ಭಾರತದ ಆರೋಗ್ಯವನ್ನು ಅಳೆದು ವರದಿ ಒಪ್ಪಿಸಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 6,300 ಜನಕ್ಕೆ ಒಬ್ಬ ವೈದ್ಯನಿದ್ದರೆ, 43,000 ಜನಕ್ಕೆ ಒಬ್ಬ ದಾದಿ. ಎಂದರೆ ಒಬ್ಬ ದಾದಿಗೆ ಆರೇಳು ವೈದ್ಯರು. ಆಜ್ಞೆ ಕೊಡುವವರು ಹೆಚ್ಚು, ಅದನ್ನು ನಡೆಸುವವರು ಕಡಿಮೆ ಎಂಬ ಈ ವಿಚಿತ್ರ ಲೆಕ್ಕವೇ ಅವಳ ದಿನ ಹೇಗೆ ಕಳೆಯುತ್ತಿತ್ತೆಂಬುದನ್ನು ಹೇಳುತ್ತದೆ. ರೋಗಿಯೊಡನೆ ಮನೆಯವರೊಬ್ಬರು ಬಂದು ಆಸ್ಪತ್ರೆಯಲ್ಲಿಯೇ ತಂಗುವ ನಮ್ಮ ಪದ್ಧತಿಗೆ ಪ್ರೀತಿಯಷ್ಟೇ ಈ ಕೊರತೆಯೂ ಕಾರಣ.

ಸ್ಪರ್ಶವಿಲ್ಲದ ಕಾಲಿಗೆ ಕಣ್ಣಾದವರು

ಫಾದರ್ ಮುಲ್ಲರ್ ಅವರು ಮಂಗಳೂರಿಗೆ ಬಂದದ್ದು 1878ರ ಕಡೆಯ ದಿನ. ಔಷಧಾಲಯ ತೆರೆದ ಹತ್ತು ವರ್ಷಗಳಿಗೆ, 1890ರಲ್ಲಿ, ಅವರು ಕುಷ್ಠರೋಗಿಗಳಿಗಾಗಿ ಆಶ್ರಯವೊಂದನ್ನು ಕಟ್ಟಿದರು. ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಗುರುತಿಸಿದ್ದರೂ ಅದನ್ನು ಕೊಲ್ಲುವ ಮದ್ದು ಯಾರ ಕೈಯಲ್ಲಿಯೂ ಇರಲಿಲ್ಲ. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಗರುಡಫಲದ ಬೀಜದ ಎಣ್ಣೆಯನ್ನು ಹಚ್ಚುತ್ತಿದ್ದರು, ಕುಡಿಸುತ್ತಿದ್ದರು. ಅದರಿಂದ ಖಚಿತವಾದ ಗುಣವಿರಲಿಲ್ಲ. ಸಲ್ಫೋನ್ ಜಾತಿಯ ಔಷಧಗಳು ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಹೀಗೆ ಅರ್ಧ ಶತಮಾನದ ಕಾಲ ಆ ಆಶ್ರಯದಲ್ಲಿ ನಡೆದದ್ದು ಮುಖ್ಯವಾಗಿ ಶುಶ್ರೂಷೆ.

ಆ ಶುಶ್ರೂಷೆ ಎಂದರೇನೆಂಬುದನ್ನು ತಿಳಿಯಬೇಕಾದರೆ ರೋಗದ ಸ್ವಭಾವವನ್ನು ತಿಳಿಯಬೇಕು. ಕುಷ್ಠವು ನರಗಳನ್ನು ಹಿಡಿಯುತ್ತದೆ. ಕೈಕಾಲು ಜೋಮು ಹಿಡಿದು ನೋವಿನ ಅರಿವೇ ಹೋಗುತ್ತದೆ. ಮುಳ್ಳು ಚುಚ್ಚಿದರೆ ತಿಳಿಯದು, ಒಲೆಯ ಕೆಂಡ ತಗುಲಿದರೆ ತಿಳಿಯದು. ಗಾಯ ಕೊಳೆಯುತ್ತದೆ, ಎಲುಬಿಗೆ ಇಳಿಯುತ್ತದೆ, ಬೆರಳು ಮೊಟಕಾಗುತ್ತದೆ. ರೋಗವೇ ಬೆರಳನ್ನು ತಿಂದುಹಾಕುತ್ತದೆಂದು ಜಗತ್ತು ನಂಬಿತ್ತು. 1940ರ ದಶಕದ ಕೊನೆಯಲ್ಲಿ ವೆಲ್ಲೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರು ರೋಗಿಗಳನ್ನು ಹತ್ತಿರದಿಂದ ಗಮನಿಸಿ, ಆ ಅಂಗಭಂಗಗಳಲ್ಲಿ ಬಹುಪಾಲು ಅರಿವಿಲ್ಲದ ಅಂಗಕ್ಕೆ ದಿನದಿನವೂ ತಗುಲುವ ಪೆಟ್ಟಿನ ಫಲವೆಂದು ತೋರಿಸಿಕೊಟ್ಟರು.

ಈ ಮಾತು ಹೊರಬಂದ ಮೇಲೆ ಹಳೆಯ ಆಶ್ರಯಗಳ ದಿನಚರಿಯನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ಬೆಳಗಾದರೆ ರೋಗಿಯ ಕಾಲನ್ನು ನೀರಿನಲ್ಲಿ ನೆನೆಯಿಸುವುದು, ಸತ್ತ ಚರ್ಮವನ್ನು ತೆಗೆಯುವುದು, ಬೆರಳ ಸಂದಿಗಳನ್ನು ಹುಡುಕಿ ನೋಡುವುದು, ಗಾಯಕ್ಕೆ ಬಟ್ಟೆ ಕಟ್ಟುವುದು, ಹಳೆಯ ಬಟ್ಟೆಯನ್ನು ಕುದಿಸುವುದು: ನೋಡುವವರಿಗೆ ಇದು ಬರಿಯ ಕರುಣೆಯ ಕಾರ್ಯದಂತೆ ಕಂಡಿತ್ತು. ವಾಸ್ತವವಾಗಿ ಅದೇ ಚಿಕಿತ್ಸೆಯಾಗಿತ್ತು. ತನ್ನ ಕಾಲಿನ ನೋವನ್ನು ತಾನು ಅರಿಯಲಾರದ ಮನುಷ್ಯನ ಪರವಾಗಿ ಇನ್ನೊಬ್ಬಳು ಅದನ್ನು ಕಣ್ಣಿನಿಂದ ಅರಿಯುತ್ತಿದ್ದಳು. ಅವಳು ಒಂದು ದಿನ ತಪ್ಪಿಸಿದರೆ ಗಾಯ ಒಂದು ದಿನ ಆಳಕ್ಕಿಳಿಯುತ್ತಿತ್ತು.

ಮನೆಯವರು ಬೇಲಿಯ ಹೊರಗೆ ನಿಂತು ಮಾತನಾಡಿಸಿ ಹೋಗುತ್ತಿದ್ದ ರೋಗ ಇದು. 1898ರ ಕಾನೂನೊಂದು ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಆಶ್ರಯಗಳಿಗೆ ಸೇರಿಸಲು ಅಧಿಕಾರ ಕೊಟ್ಟಿತ್ತು. ಅದು ಸಂಪೂರ್ಣವಾಗಿ ರದ್ದಾದದ್ದು 2016ರಲ್ಲಿ. ಹಲವು ಔಷಧಗಳನ್ನು ಒಟ್ಟಿಗೆ ಕೊಟ್ಟು ರೋಗವನ್ನು ನಿಶ್ಚಿತವಾಗಿ ಗುಣಪಡಿಸುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1982ರ ಸುಮಾರಿಗೆ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಕುಷ್ಠರೋಗಿಯನ್ನು ದಿನವೂ ಮುಟ್ಟಿದ ಕೈಗಳು ಬಹಳವಿರಲಿಲ್ಲ.

ಇಲಿ ಬಿದ್ದ ಮನೆ

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳಲ್ಲಿ ಬೆಂಗಳೂರನ್ನು ಹೊಕ್ಕಿತು. ಕರಾವಳಿಯೂ ಅದಕ್ಕೆ ಹೊರತಾಗಲಿಲ್ಲ. 1902ರಲ್ಲಿ ಫಾದರ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಪ್ಲೇಗಿನ ರೋಗಿಗಳಿಗೆಂದೇ ಆಸ್ಪತ್ರೆಯನ್ನು ತೆರೆದರು. ಕುಷ್ಠವು ವರ್ಷಗಟ್ಟಲೆ ಕಾಡುವ ರೋಗವಾದರೆ ಇದು ದಿನಗಳಲ್ಲಿ ಮುಗಿಯುವ ರೋಗ. ಜ್ವರ ಏರುತ್ತದೆ, ತೊಡೆಯ ಸಂದಿಯಲ್ಲಿಯೋ ಕಂಕುಳಲ್ಲಿಯೋ ಗಡ್ಡೆ ಏಳುತ್ತದೆ, ಸನ್ನಿ ಹಿಡಿದ ರೋಗಿ ಹಾಸಿಗೆಯಿಂದೆದ್ದು ಓಡುತ್ತಾನೆ. ರೋಗ ತಗುಲಿದವರಲ್ಲಿ ಅರ್ಧದಷ್ಟು ಜನ ಉಳಿಯುತ್ತಿರಲಿಲ್ಲ. ಅದನ್ನು ಗುಣಪಡಿಸುವ ಸ್ಟ್ರೆಪ್ಟೋಮೈಸಿನ್ ದೊರೆಯಲು ಇನ್ನೂ ನಾಲ್ಕು ದಶಕಗಳು ಕಳೆಯಬೇಕಾಗಿತ್ತು.

ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರೇ ಗುಡಿಸಲು ಹಾಕಿಕೊಂಡು ಬಯಲಿಗೆ ಹೋಗುತ್ತಿದ್ದ ಕಾಲ ಅದು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುತ್ತದೆಂದು ಫ್ರೆಂಚ್ ವೈದ್ಯ ಸಿಮೋನ್ 1898ರಲ್ಲಿಯೇ ಹೇಳಿದ್ದರೂ ಅದನ್ನು ವಿದ್ವಾಂಸರು ಒಪ್ಪಲು ಹತ್ತು ವರ್ಷ ಹಿಡಿಯಿತು. ಆದುದರಿಂದ 1902ರಲ್ಲಿ ಪ್ಲೇಗಿನ ರೋಗಿಯ ಬಳಿ ಕುಳಿತವರಿಗೆ ಅವನ ಉಸಿರು, ಬಟ್ಟೆ, ಬೆವರು ಎಲ್ಲವೂ ಮೃತ್ಯುವೆಂದೇ ತೋರುತ್ತಿದ್ದಿರಬೇಕು. ಗಡ್ಡೆಯ ಪ್ಲೇಗು ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಅಂಟುವುದು ವಿರಳವೆಂಬ ಸಮಾಧಾನ ಅವರಿಗಿರಲಿಲ್ಲ. ಅಷ್ಟಾದರೂ ಕೆಲವರು ಕುಳಿತರು. ಗಡ್ಡೆಗೆ ಬಿಸಿ ಹಿಟ್ಟಿನ ಪಟ್ಟಿ ಕಟ್ಟುವುದು, ಹಣೆಗೆ ತಣ್ಣೀರಿನ ಬಟ್ಟೆ ಹಾಕುವುದು, ಒಣಗಿದ ತುಟಿಗೆ ಹನಿಹನಿಯಾಗಿ ನೀರು ಬಿಡುವುದು, ಸನ್ನಿಯಲ್ಲಿ ಏಳುವವನನ್ನು ಹಿಡಿದು ಮಲಗಿಸುವುದು: ಪ್ಲೇಗಿನ ಆಸ್ಪತ್ರೆಗಳಲ್ಲಿ ಮಾಡಬಹುದಾದದ್ದು ಬಹುಮಟ್ಟಿಗೆ ಇಷ್ಟೇ. ಬದುಕಿದ ಅರ್ಧದಷ್ಟು ಮಂದಿಯಲ್ಲಿ ಎಷ್ಟು ಮಂದಿ ಆ ಹನಿ ನೀರಿನಿಂದ ಬದುಕಿದರೆಂದು ಲೆಕ್ಕ ಹಾಕುವ ಸಾಧನವಿಲ್ಲ.

ಫಾದರ್ ಮುಲ್ಲರ್ 1910ರ ನವೆಂಬರ್ 1ರಂದು ತೀರಿಕೊಂಡರು. ಅವರ ಹೆಸರು ಇಂದು ಕಂಕನಾಡಿಯ ದೊಡ್ಡ ಸಂಸ್ಥೆಗಳ ಮೇಲಿದೆ. ಅದು ನ್ಯಾಯವಾಗಿಯೇ ಇದೆ. ಆದರೆ ಪ್ಲೇಗಿನ ಕೋಣೆಯಲ್ಲಿ ರಾತ್ರಿ ಎಚ್ಚರವಿದ್ದವರ ಹೆಸರು ಹೇಳಿರೆಂದರೆ ಜಿಲ್ಲೆಯಲ್ಲಿ ಉತ್ತರ ಹೇಳುವವರು ಎಷ್ಟು ಮಂದಿ?

ಬೆಳ್ತಂಗಡಿಯ ಬೇಸಗೆ

ಮೂರನೆಯ ಬೇನೆ ಬಂದದ್ದು ಸೂಕ್ಷ್ಮಜೀವಿಗಳನ್ನು ಕೊಲ್ಲುವ ಔಷಧಗಳು ಅಂಗಡಿ ಅಂಗಡಿಗಳಲ್ಲಿ ದೊರೆಯುತ್ತಿದ್ದ ಕಾಲದಲ್ಲಿ. 1957ರ ಬೇಸಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದವು. ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ಆಫ್ರಿಕೆಯ ಹಳದಿ ಜ್ವರವೇ ಭಾರತಕ್ಕೆ ಬಂತೆಂದು ಮೊದಲು ಗಾಬರಿಯಾಯಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ, ಇದು ಕಾಡಿನ ಉಣುಗಿನ ಕಡಿತದಿಂದ ಹರಡುವ ಹೊಸ ವೈರಸ್ ಎಂದು ಸ್ಥಾಪಿಸಿದರು. ಶಾಸ್ತ್ರದಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಹೆಸರಾಯಿತು. ಜನ ಮಂಗನ ಕಾಯಿಲೆ ಎಂದರು.

ಇಪ್ಪತ್ತೈದು ವರ್ಷಗಳ ತರುವಾಯ, 1982ರ ಕೊನೆಯಲ್ಲಿ, ಅದು ಬೆಳ್ತಂಗಡಿ ತಾಲೂಕಿನಲ್ಲಿ ತಲೆ ಎತ್ತಿತು. ನಿಡ್ಲೆ, ಪಟ್ರಮೆಗಳ ಆಸುಪಾಸಿನಲ್ಲಿ ಗೇರು ನೆಡುವುದಕ್ಕಾಗಿ ದಟ್ಟವಾದ ಕಾಡನ್ನು ಬೋಳಿಸಿದ್ದರು. ಕಾಡು ಕಡಿದ ಕಡೆ ಮಂಗಗಳು ಸತ್ತವು. ಅವುಗಳ ಮೈಯಿಂದ ಉದುರಿದ ಉಣುಗುಗಳು ಮನುಷ್ಯರನ್ನು ಹಿಡಿದವು. 1983ರ ಬೇಸಗೆ ಮುಗಿಯುವುದರೊಳಗೆ ಸಾವಿರಕ್ಕೂ ಮಿಕ್ಕಿ ಜನ ಮಲಗಿದರು. ನೂರಕ್ಕೂ ಮಿಕ್ಕಿ ಜನ ಸತ್ತರು. ಅವರಲ್ಲಿ ಹೆಚ್ಚಿನವರು ಕೂಲಿಯಾಳುಗಳು, ಸೌದೆಗೂ ಸೊಪ್ಪಿಗೂ ಕಾಡಿಗೆ ಹೋಗಲೇಬೇಕಾದ ಬಡ ಹೆಂಗಸರು, ಗಂಡಸರು. ಕಾಡಿನ ದೈವಗಳು ಮುನಿದಿವೆ ಎಂದು ಹಳ್ಳಿಗರು ತಿಳಿದರು. ಈ ಹಾವಳಿಯನ್ನು ಕುರಿತು 1987ರಲ್ಲಿ ಪ್ರಬಂಧ ಬರೆದ ಅಮೇರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಇದನ್ನು ಅಭಿವೃದ್ಧಿಯೇ ತಂದ ಕಾಯಿಲೆ ಎಂದು ವಿವರಿಸಿದರು. ಎರಡೂ ಮಾತುಗಳು ಕಾಡನ್ನು ಕಡಿದದ್ದರ ಕಡೆಗೇ ಬೊಟ್ಟುಮಾಡುತ್ತವೆ.

ರೋಗದ ಲಕ್ಷಣ ಹೀಗೆ: ಇದ್ದಕ್ಕಿದ್ದಂತೆ ಚಳಿಜ್ವರ, ಹಣೆ ಒಡೆಯುವ ನೋವು, ಸೊಂಟ ಕಾಲುಗಳನ್ನು ಹಿಂಡುವ ಮೈನೋವು, ಅನಂತರ ವಾಂತಿ ಭೇದಿ. ಕೆಲವರಿಗೆ ಮೂಗಿನಿಂದ, ವಸಡಿನಿಂದ, ಹೊಟ್ಟೆಯೊಳಗಿನಿಂದ ರಕ್ತ ಒಸರುತ್ತದೆ. ಜ್ವರ ಇಳಿದು ಒಂದೆರಡು ವಾರ ಸುಮ್ಮನಿದ್ದು, ಕೆಲವರಲ್ಲಿ ಮತ್ತೆ ಏರಿ ಮಿದುಳನ್ನು ಬಾಧಿಸುವುದೂ ಉಂಟು. ವೈರಸನ್ನು ಕೊಲ್ಲುವ ಔಷಧ ಅಂದೂ ಇರಲಿಲ್ಲ, ಇಂದೂ ಇಲ್ಲ.

ಇಂತಹ ರೋಗಿಯ ಪ್ರಾಣ ನಿಲ್ಲುವುದು ಸಣ್ಣ ಸಣ್ಣ ಕೆಲಸಗಳ ಮೇಲೆ. ಮೈಯಿಂದ ಹೋದ ನೀರನ್ನು ಲೆಕ್ಕವಿಟ್ಟು ಮರಳಿ ತುಂಬಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಮೈ ಒರೆಸಿ ಜ್ವರವನ್ನು ಇಳಿಸಬೇಕು. ನೋವಿಗೆಂದು ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವ ಹೆಚ್ಚುವುದರಿಂದ ಅದನ್ನು ದೂರವಿಡಬೇಕು. ಒಸರುವ ವಸಡಿಗೆ ನೋವಾಗದಂತೆ ಬಾಯಿಯನ್ನು ಶುಚಿಗೊಳಿಸಬೇಕು. ಮಲದ ಬಣ್ಣ ಕಪ್ಪಾಯಿತೇ, ನಾಡಿ ಸಣ್ಣದಾಯಿತೇ, ಮಾತು ತೊದಲಿತೇ ಎಂದು ಗಂಟೆಗಂಟೆಗೂ ನೋಡಬೇಕು. ಕೆಟ್ಟ ಲಕ್ಷಣ ಕಂಡೊಡನೆ ವೈದ್ಯರನ್ನು ಕರೆಯಬೇಕು. ವೈದ್ಯನು ದಿನಕ್ಕೆ ಎರಡು ಸಲ ಬಂದು ಹೋಗುತ್ತಾನೆ. ಉಳಿದ ಹೊತ್ತಿನಲ್ಲಿ ಆ ಕಪ್ಪು ಬಣ್ಣವನ್ನು ಕಾಣಬೇಕಾದವಳು ದಾದಿ.

ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಅಂಟುವುದೆಂಬುದಕ್ಕೆ ಆಧಾರವಿಲ್ಲ. ಆದರೆ ಮೂಗು ಬಾಯಿಗಳಿಂದ ರಕ್ತ ಸುರಿಸುವ ಅಪರಿಚಿತ ಕಾಯಿಲೆ ಎದುರಿಗಿರುವಾಗ ಇಂತಹ ಶಾಸ್ತ್ರವಾಕ್ಯದಿಂದ ಮನಸ್ಸಿಗೆ ದೊರೆಯುವ ಧೈರ್ಯ ಎಷ್ಟು? ಇಂತಹ ಹೊತ್ತಿನಲ್ಲಿ ಪಾಳಿಗೆ ಹೋದ ದಾದಿಗೂ ಮನೆಯಲ್ಲಿ ಮಕ್ಕಳಿದ್ದರು. ಪ್ಲೇಗಿನ ಕೋಣೆಯಲ್ಲಿ ಕುಳಿತವರ ಭಯವೂ ಇದೇ ಜಾತಿಯದು.

ಪುಸ್ತಕದಲ್ಲಿ ಉಳಿದದ್ದು, ಉಳಿಯದಿದ್ದದ್ದು

ಹಳೆಯ ಆಸ್ಪತ್ರೆಗಳ ದಾಖಲೆ ಪುಸ್ತಕಗಳ ಕ್ರಮ ಎಲ್ಲೆಡೆಯೂ ಬಹುತೇಕ ಒಂದೇ. ರೋಗಿಯ ಹೆಸರು, ವಯಸ್ಸು, ಊರು, ಜಾತಿ ಅಥವಾ ಮತ, ರೋಗ, ಸೇರಿದ ದಿನ, ಬಿಟ್ಟ ದಿನ, ಪರಿಣಾಮ. ಪರಿಣಾಮದ ಅಂಕಣದಲ್ಲಿ ‘ಗುಣವಾಯಿತು’ ಅಥವಾ ‘ತೀರಿಕೊಂಡರು’ ಎಂಬ ಅರ್ಥದ ಒಂದು ಶಬ್ದ. ವರ್ಷದ ಕೊನೆಗೆ ಈ ಸಾಲುಗಳನ್ನು ಕೂಡಿಸಿ ಮೇಲಿನವರಿಗೆ ಕಳುಹಿಸಿದರೆ ಅವು ಅಂಕಿಗಳಾಗುತ್ತವೆ. ಮದರಾಸು ಸರಕಾರ ತನ್ನ ಆಸ್ಪತ್ರೆಗಳ ಬಗ್ಗೆ ಅಂತಹ ವಾರ್ಷಿಕ ವರದಿಗಳನ್ನು ಅಚ್ಚುಮಾಡಿಸುತ್ತಿತ್ತು. ಇಷ್ಟು ಅಂಕಣಗಳಲ್ಲಿ ‘ಶುಶ್ರೂಷೆ ಮಾಡಿದವರು’ ಎಂಬುದೊಂದು ಅಂಕಣಕ್ಕೆ ಜಾಗ ದೊರೆಯಲಿಲ್ಲ.

ದಾದಿಯರ ಹೆಸರೇ ಎಲ್ಲಿಯೂ ಇಲ್ಲವೆಂದಲ್ಲ. ಮದರಾಸು ಪ್ರಾಂತದಲ್ಲಿ 1926ರ ಕಾಯಿದೆಯ ಮೇರೆಗೆ ದಾದಿಯರನ್ನೂ ಸೂಲಗಿತ್ತಿಯರನ್ನೂ ಹೆಸರು ಹಿಡಿದು ನೋಂದಾಯಿಸುವ ಕ್ರಮ ಬಂತು. 1947ರಲ್ಲಿ ಭಾರತದ ದಾದಿಯರ ಪರಿಷತ್ತಿಗೆ ಕಾಯಿದೆಯಾಯಿತು. ಅಲ್ಲಿ ಹೆಸರಿದೆ, ಕಲಿತ ಶಾಲೆಯಿದೆ, ಮಾಡಿದ ಕೆಲಸವಿಲ್ಲ. ಸರಕಾರಿ ದಾದಿಯ ಸೇವಾಪುಸ್ತಕದಲ್ಲಿ ವರ್ಗಾವಣೆಗಳಿವೆ, ರಜೆಗಳಿವೆ, ಸಂಬಳದ ಏರಿಕೆಯಿದೆ. ಒಂದು ರಾತ್ರಿಯ ಕಥೆಯೂ ಇಲ್ಲ. ಸಂನ್ಯಾಸಿನಿಯ ಸ್ಥಿತಿ ಇನ್ನೂ ವಿಶೇಷ. ವ್ರತ ಸ್ವೀಕರಿಸುವಾಗ ಹೆತ್ತವರಿಟ್ಟ ಹೆಸರನ್ನು ಬಿಟ್ಟು ಹೊಸ ಹೆಸರನ್ನು ಧರಿಸುವುದು ಅಂದಿನ ಪದ್ಧತಿ. ಮಾಡಿದ ಸೇವೆಯೆಲ್ಲ ಸಂಘಕ್ಕೆ ಸಲ್ಲುತ್ತದೆ. ಅವಳು ಅದನ್ನು ಬಯಸಿಯೇ ಒಪ್ಪಿದ್ದಳು. ಆದರೆ ಅವಳ ಕೈಯಿಂದ ಬದುಕಿದವರು ಅವಳನ್ನು ಮರೆಯುವುದಕ್ಕೆ ಅದು ಅಪ್ಪಣೆಯಲ್ಲ.

ರೋಗಿಯ ಕಡೆಯ ನೆನಪಿಗಾದರೂ ಆಯುಷ್ಯವುಂಟೇ? ಅದು ಮನೆಯ ಮಾತಿನಲ್ಲಿ ಉಳಿಯುವಂತಹದು. ಅಜ್ಜಿಗೆ ಆಸ್ಪತ್ರೆಯಲ್ಲಿ ಗಂಜಿ ಕುಡಿಸಿದ ಸಿಸ್ಟರ್ ಒಬ್ಬರಿದ್ದರು, ತುಳು ಕಲಿತು ಮಾತನಾಡುತ್ತಿದ್ದರು, ಮನೆಗೆ ಹೊರಡುವಾಗ ಕಣ್ಣೀರು ಹಾಕಿದರು ಎಂಬಂತಹ ಮಾತುಗಳು ಯಾವ ಮನೆಯಲ್ಲಿಲ್ಲ? ಅಜ್ಜಿ ಹೋದ ಮೇಲೆ ಆ ಮಾತು ಮಗಳ ಬಾಯಲ್ಲಿ ಅರ್ಧವಾಗುತ್ತದೆ. ಮೊಮ್ಮಗಳಿಗೆ ಬರುವ ಹೊತ್ತಿಗೆ ಆಸ್ಪತ್ರೆಯ ಹೆಸರಷ್ಟೇ ನಿಲ್ಲುತ್ತದೆ. ಕುಷ್ಠದಂತಹ ರೋಗವಾದರೆ ಇಷ್ಟೂ ಇಲ್ಲ. ಮನೆಯಲ್ಲಿ ಅಂತಹ ರೋಗಿಯೊಬ್ಬನಿದ್ದನೆಂಬುದನ್ನು ಮಕ್ಕಳ ಮದುವೆಗೆ ಅಂಜಿ ಮುಚ್ಚಿಟ್ಟರು. ರೋಗಿಯನ್ನು ಮುಚ್ಚಿಟ್ಟಾಗ ಅವನನ್ನು ಕಾದವಳೂ ಅದರೊಡನೆ ಮುಚ್ಚಿಹೋದಳು.

ಕಾಗದಕ್ಕೆ ಈ ಸೀಮೆಯ ಹವೆಯೂ ಶತ್ರು. ತಿಂಗಳುಗಟ್ಟಲೆ ಸುರಿಯುವ ಮಳೆ, ಗೆದ್ದಲು, ಬೂಷ್ಟು ಒಂದೆಡೆ, ನೆರೆ ಇನ್ನೊಂದೆಡೆ. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತ��ಯ ನೀರು ಬಂಟ್ವಾಳದ ಪೇಟೆಯನ್ನೇ ನುಂಗಿತ್ತು. ಅಂತಹ ನೀರು ಇಳಿದ ಮೇಲೆ ಮನೆಯವರು ಮೊದಲು ಹುಡುಕುವುದು ಪಾತ್ರೆಗಳನ್ನು, ಭೂಮಿಯ ಪತ್ರಗಳನ್ನು; ಹಳೆಯ ಕಾಗದಗಳನ್ನಲ್ಲ.

ಆದರೆ ಕಾಪಾಡಬೇಕೆಂಬ ಮನಸ್ಸಿದ್ದರೆ ಈ ಮಳೆನಾಡಿನಲ್ಲಿಯೂ ಕಾಪಾಡಬಹುದೆಂಬುದಕ್ಕೆ ಸಾಕ್ಷಿ ಬಂಟ್ವಾಳದಿಂದ ದೂರವೇನಿಲ್ಲ. ಮೂಡಬಿದಿರೆಯ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಎಂಬ ಜೈನ ಸಿದ್ಧಾಂತಗ್ರಂಥಗಳ ಓಲೆಗರಿಗಳನ್ನು ಶತಮಾನಗಳ ಕಾಲ ಜತನದಿಂದ ಇರಿಸಿಕೊಂಡು ಬಂದರು. ಬೇರೆಲ್ಲಿಯೂ ಉಳಿಯದ ಆ ಗ್ರಂಥಗಳು ಇಲ್ಲಿ ಉಳಿದದ್ದರಿಂದಲೇ ಇಪ್ಪತ್ತನೆಯ ಶತಮಾನದಲ್ಲಿ ಅಚ್ಚಾಗಿ ಜಗತ್ತಿಗೆ ದೊರೆತವು. ಒಂದು ಊರು ಒಂದು ವಸ್ತುವನ್ನು ಪವಿತ್ರವೆಂದು ಭಾವಿಸಿದರೆ ಗೆದ್ದಲಿನಿಂದಲೂ ಅದನ್ನು ಉಳಿಸಿಕೊಳ್ಳುತ್ತದೆ. ಆಸ್ಪತ್ರೆಯ ಹಳೆಯ ಪುಸ್ತಕವನ್ನು ಯಾರೂ ಹಾಗೆ ಭಾವಿಸಲಿಲ್ಲ. ನಿಯಮದ ಅವಧಿ ಮುಗಿದೊಡನೆ ಅದು ರದ್ದಿ.

ಈಗ ಕೇಳದಿದ್ದರೆ

ಇದೆಲ್ಲ ಹಳೆಯ ಮಾತು ಎಂದು ಬದಿಗಿಡುವಂತಿಲ್ಲ. ಮಂಗನ ಕಾಯಿಲೆಗೆ 1990ರ ಸುಮಾರಿನಿಂದ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸ ಲಸಿಕೆಯನ್ನು ಸಿದ್ಧಪಡಿಸುವ ಪ್ರಯತ್ನ ನಡೆದಿದೆ. ಒಂದು ಕಾಲದಲ್ಲಿ ಶಿವಮೊಗ್ಗದ ಕಾಯಿಲೆಯೆನಿಸಿದ್ದ ಅದು ಈಚೆಗೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳವರೆಗೂ ಕಾಣಿಸಿಕೊಂಡಿದೆ. 2020ರಲ್ಲಿ ಬಂದ ಕೋವಿಡ್ ಸೋಂಕು ಮನೆಮನೆಗೂ ಒಂದು ಪಾಠ ಹೇಳಿತು. ಮೊದಲ ತಿಂಗಳುಗಳಲ್ಲಿ ಖಚಿತವಾದ ಮದ್ದಿರಲಿಲ್ಲ. ಹತ್ತಿರ ಹೋಗಲು ಬಂಧುಗಳಿಗೆ ಅನುಮತಿಯಿರಲಿಲ್ಲ. ಮುಖವೆಲ್ಲ ಮುಚ್ಚಿದ ದಾದಿಯೊಬ್ಬಳು ರೋಗಿಯ ಬಳಿ ಇದ್ದಳು. ಆ ಮುಖವನ್ನು ರೋಗಿ ನೋಡಲೇ ಇಲ್ಲ. ನೂರಿಪ್ಪತ್ತು ವರ್ಷಗಳ ಹಿಂದಿನ ಪ್ಲೇಗಿನ ಕೋಣೆ ಹೀಗೆ ಮತ್ತೆ ಕಣ್ಣೆದುರಿಗೆ ಬಂದಿತ್ತು.

ಬೆಳ್ತಂಗಡಿಯ 1983ರ ಬೇಸಗೆಯಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದ ದಾದಿಗೆ ಇಂದು ಅರವತ್ತೈದು ದಾಟಿದೆ. ನಿವೃತ್ತಿಯಾಗಿ ಅವಳು ಎಲ್ಲೋ ಮಗನ ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿರಬಹುದು. ಆ ಜ್ವರದಿಂದ ಎದ್ದು ಬಂದ ಕೂಲಿಯವನೂ ಅಷ್ಟೇ ವಯಸ್ಸಾಗಿ ಜಗಲಿಯಲ್ಲಿ ಕುಳಿತಿರಬಹುದು. ಇಬ್ಬರಲ್ಲಿಯೂ ಯಾವ ವರದಿಯಲ್ಲಿಯೂ ಇಲ್ಲದ ಜ್ಞಾನವಿದೆ. ಯಾವ ಹೊತ್ತಿನಲ್ಲಿ ರೋಗಿ ಕೈಬಿಡುತ್ತಾನೆ, ಯಾವುದನ್ನು ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುತ್ತದೆ, ಮನೆಯವರಿಗೆ ಹೇಗೆ ಹೇಳಿದರೆ ಧೈರ್ಯ ತಂದುಕೊಳ್ಳುತ್ತಾರೆ ಎಂಬುದು ಅವರಿಗೆ ಗೊತ್ತು. ಮುಂದಿನ ಹಾವಳಿಯಲ್ಲಿ ಪಾಳಿಗೆ ಹೋಗುವ ಹುಡುಗಿಗೆ ಇದು ಬೇಕು.

ಇದಕ್ಕೆ ದೊಡ್ಡ ಸಂಶೋಧಕರೇ ಬರಬೇಕಾಗಿಲ್ಲ. ಮನೆಯಲ್ಲಿ ಓದುವ ಮಗಳೊಬ್ಬಳು ರಜೆಯ ಮಧ್ಯಾಹ್ನ ಒಂದು ನೋಟುಪುಸ್ತಕ ಹಿಡಿದು ಅಜ್ಜಿಯ ಬಳಿ ಕುಳಿತರೆ ಸಾಕು. ಯಾವ ವರ್ಷ? ಯಾವ ಆಸ್ಪತ್ರೆ? ಊರಿನಿಂದ ಹೇಗೆ ಹೋದಿರಿ, ಯಾರು ಹೊತ್ತರು? ರಾತ್ರಿ ಬಾಯಾರಿದಾಗ ನೀರು ಕೊಟ್ಟವರು ಯಾರು? ಅವರು ಯಾವ ಭಾಷೆ ಆಡುತ್ತಿದ್ದರು? ಅವರ ಹೆಸರೇನು? ದಾದಿಯಾಗಿದ್ದ ಅತ್ತೆಯೋ ಚಿಕ್ಕಮ್ಮನೋ ಮನೆಯಲ್ಲಿದ್ದರೆ ಇವೇ ಪ್ರಶ್ನೆಗಳನ್ನು ಮಂಚದ ಇನ್ನೊಂದು ಬದಿಯಿಂದ ಕೇಳಬಹುದು. ಬರೆದುದಕ್ಕೆ ದಿನಾಂಕ ಹಾಕಿ, ಹೇಳಿದವರ ಒಪ್ಪಿಗೆ ಪಡೆದು, ಊರಿನ ಗ್ರಂಥಾಲಯಕ್ಕೋ ಕಾಲೇಜಿಗೋ ಒಂದು ಪ್ರತಿ ಕೊಟ್ಟರೆ ಅದು ದಾಖಲೆಯಾಗುತ್ತದೆ. ಆಸ್ಪತ್ರೆಗಳೂ ರದ್ದಿಗೆ ಹಾಕುವ ಮುನ್ನ ಹಳೆಯ ಪುಸ್ತಕಗಳಲ್ಲಿ ಕೆಲವನ್ನಾದರೂ ಒಣಗಿದ ಕಪಾಟಿನಲ್ಲಿ ಇರಿಸಬಹುದು.

ಕೊನೆಯ ಪ್ರಶ್ನೆಗೆ ಅಜ್ಜಿ ಸ್ವಲ್ಪ ಹೊತ್ತು ಯೋಚಿಸಬಹುದು. ‘ಹೆಸರು ಯಾರು ಕೇಳಿದರು ಮಗಳೇ, ಸಿಸ್ಟರ್ ಎನ್ನುತ್ತಿದ್ದೆವು’ ಎಂದು ಹೇಳಿದರೂ ಹೇಳಬಹುದು. ಆ ಉತ್ತರವನ್ನೂ ಬರೆದಿಡಬೇಕು. ಬರೆದಿಟ್ಟು, ನಾಳೆ ಮನೆಯವರು ಆಸ್ಪತ್ರೆ ಸೇರಿದಾಗ ಮಂಚದ ಬಳಿ ಬರುವ ದಾದಿಯ ಹೆಸರನ್ನು ಮೊದಲು ಕೇಳಿಕೊಳ್ಳಬೇಕು.